ಓದು ಮುಂದೂಡುವವರಿಗೆ: ಟೈಮರೋ, ‘ಹೀಗಾದರೆ ಹಾಗೆ’ಯೋ?

ಕಾಸರಗೋಡಿನಲ್ಲಿ ಪಿಎಸ್‌ಸಿಗೆ (ಕೇರಳ ಸರಕಾರಿ ಕೆಲಸದ ಪರೀಕ್ಷೆಗೆ) ಓದುವವರು ‘ನಾಳೆ’ ಎನ್ನುವುದು ಬರೀ ಸೋಮಾರಿತನದಿಂದಲ್ಲ. ಲೆಕ್ಕದ ಪುಸ್ತಕ ಕಂಡೊಡನೆ ಆಗುವ ಕಿರಿಕಿರಿ ತಪ್ಪಿಸಿಕೊಳ್ಳಲಿಕ್ಕೆ.

ಕೂತು ಹತ್ತೇ ನಿಮಿಷಕ್ಕೆ ಏಳುವವರಿಗೆ ಪೊಮೊಡೊರೊ ಎಂಬ ಟೈಮರ್ ಕ್ರಮ. ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಗೆ ರೂಪಿಸಿದ್ದು: 25 ನಿಮಿಷ ಓದು, 5 ನಿಮಿಷ ಬಿಡುವು, ನಾಲ್ಕು ಸುತ್ತಿಗೊಮ್ಮೆ ದೊಡ್ಡ ಬಿಡುವು. ಟೈಮರ್ ಮೊಬೈಲಿನಲ್ಲಿದ್ದರೆ ಕೆಟ್ಟಿತು, ಐದು ನಿಮಿಷ ರೀಲ್ಸ್‌ನಲ್ಲಿ ನಲವತ್ತಾಗುತ್ತದೆ. ಗೋಡೆ ಗಡಿಯಾರ ಸಾಕು.

ಪುಸ್ತಕ ತೆರೆಯುವುದೇ ಕಷ್ಟವೆಂದರೆ ಟೈಮರಿನಿಂದ ಪ್ರಯೋಜನ ಕಡಿಮೆ. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಜರ್ ವಿವರಿಸಿದ ‘ಹೀಗಾದರೆ ಹಾಗೆ’ ಕ್ರಮ ಹಿಡಿಯಿರಿ: “ಸಂಜೆ ಚಹಾದ ಲೋಟ ತೊಳೆದಿಟ್ಟ ಕೂಡಲೇ ಚಾವಡಿಯಲ್ಲಿ ಕೂತು 3 ಲೆಕ್ಕ.” ಬರೀ “ಸಂಜೆ ಓದುತ್ತೇನೆ” ಎಂದರೆ ನಡೆಯದು, ಸಂಜೆ ಶುರುವಾಗುವುದು ಯಾವಾಗ? ಅಡಿಕೆ ಸುಲಿಯುವ ದಿನಗಳಲ್ಲಿ ಚಹಾದ ಹೊತ್ತೇ ತಪ್ಪುತ್ತದೆ, ಆಗ ದೇವರಿಗೆ ದೀಪ ಹಚ್ಚುವುದನ್ನೇ ಗುರುತಾಗಿಸಿ.