ತಂದೆಯ ಸಮಾಧಿಕಲ್ಲು ಕೆತ್ತಿಕೊಟ್ಟ ಕಾರವಾರದ ಶಿಲ್ಪಶಾಲೆ

ದೋಣಿ ಕಟ್ಟುವ ಬಡಗಿಯಾಗಿದ್ದ ನನ್ನ ತಂದೆಗೆ ಸಮಾಧಿಕಲ್ಲು ಮಾಡಿಸುವಾಗ, ನುಣುಪಾದ ಗ್ರಾನೈಟಿನ ಮೇಲೆ ಯಂತ್ರದಿಂದ ಭಾವಚಿತ್ರ ಮೂಡಿಸುವ ಈಗಿನ ರೂಢಿಗೆ ನನ್ನ ಮನಸ್ಸು ಒಪ್ಪಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ತಂಗಿ ಅಲ್ಲಿನ ಗ್ರೇಫ್ರೈಯರ್ಸ್ ಸ್ಮಶಾನದ ಮತ್ತು ಸುತ್ತಲಿನ ಹಳ್ಳಿಗಳ ಹಳೆಯ ಕಲ್ಲುಗಳ ಚಿತ್ರಗಳನ್ನು ಕಳಿಸಿದ್ದಳು. ಅವನ್ನು ಹಿಡಿದು ಕಾರವಾರದ ಹೊರವಲಯದ, ಇಬ್ಬರೇ ಕೆಲಸ ಮಾಡುವ ಶಿಲ್ಪಶಾಲೆಗೆ ಹೋದೆ.

ಚರ್ಚು ಪ್ರಾಟೆಸ್ಟಂಟ್ ಪಂಥಕ್ಕೆ ಹೊರಳಿದ 1560ರ ಧರ್ಮಸುಧಾರಣೆಯ ನಂತರ ಸ್ಕಾಟ್ಲೆಂಡಿನಲ್ಲಿ ಸಂತರ ಮೂರ್ತಿಗಳಿಗೆ ವಿರೋಧ ಹುಟ್ಟಿತಾದರೂ ಸಾವನ್ನು ನೆನಪಿಸುವ ಗುರುತುಗಳಿಗೆ ಅಡ್ಡಿಯಿರಲಿಲ್ಲ. ಹೀಗಾಗಿ 17 ಮತ್ತು 18ನೆಯ ಶತಮಾನಗಳ ಕಲ್ಲುಗಳಲ್ಲಿ ತಲೆಬುರುಡೆ, ಅಡ್ಡಮೂಳೆ, ಮುಗಿದ ಆಯುಷ್ಯವನ್ನು ಸೂಚಿಸುವ ಮರಳುಗಡಿಯಾರ, ಮೇಲ್ತುದಿಯಲ್ಲಿ ದೇಹ ಬಿಟ್ಟು ಏರುವ ಆತ್ಮವೆಂಬಂತೆ ರೆಕ್ಕೆಯುಳ್ಳ ಮುಖ ಕಾಣುತ್ತವೆ. ನನ್ನನ್ನು ಹೆಚ್ಚು ಸೆಳೆದದ್ದು ಕಸುಬಿನ ಗುರುತುಗಳು: ನೇಕಾರನಿಗೆ ಲಾಳಿ, ಕಮ್ಮಾರನಿಗೆ ಕಿರೀಟ ಹೊತ್ತ ಸುತ್ತಿಗೆ, ದರ್ಜಿಗೆ ಕತ್ತರಿ ಮತ್ತು ಇಸ್ತ್ರಿ, ಬಡಗಿಗೆ ಕೊಡಲಿ, ಕೈವಾರ, ಮೂಲೆಮಟ್ಟ. ಮಲಗಿದವನು ಏನು ಮಾಡಿ ಬದುಕಿದ್ದನೆಂಬುದು ಓದು ಬಾರದವರಿಗೂ ತಿಳಿಯುತ್ತಿತ್ತು.

ಹಿರಿಯ ಶಿಲ್ಪಿಗೆ ಹೆಚ್ಚು ವಿವರಿಸಬೇಕಾಗಲಿಲ್ಲ. ವೀರಗಲ್ಲಿನ ತುದಿಯ ಸೂರ್ಯಚಂದ್ರರನ್ನೂ ಮಾಸ್ತಿಕಲ್ಲಿನ ಬಳೆ ತೊಟ್ಟ ಕೈಯನ್ನೂ ನೆನೆದು, "ಇದೂ ಅಂಥದ್ದೇ. ಆಳ ಕೊಡದಿದ್ದರೆ ನಮ್ಮ ಮಳೆಗೆ ನಿಲ್ಲೂದಿಲ್ಲ" ಎಂದರು. ತಲೆಬುರುಡೆ ಬೇಡವೆಂದು ಅಮ್ಮ ಹೇಳಿದ್ದರಿಂದ ಅದನ್ನು ಬಿಟ್ಟೆವು. ಕೊಡಲಿಯ ಬದಲು ತಂದೆಯ ಬಾಚಿಯನ್ನೇ ತಂದು ಮುಂದಿಟ್ಟಾಗ, ಅದರ ಸವೆದ ಬಾಯಿಯ ಓರೆಯನ್ನೂ ಅವರು ಕಲ್ಲಿಗಿಳಿಸಿದರು. ಕೆತ್ತನೆ ಅರ್ಧ ಇಂಚು ಉಬ್ಬಿ ನಿಂತಿರುವುದರಿಂದ ಸಂಜೆಯ ಬಿಸಿಲಿನಲ್ಲಿ ಇಗರ್ಜಿಯ ಸ್ಮಶಾನದ ಗೇಟಿನಿಂದಲೇ ಬಾಚಿಯ ಗುರುತು ಸಿಗುತ್ತದೆ. ಯಂತ್ರದ ಕೆಲಸದಲ್ಲಿ ಇದು ಸಾಧ್ಯವಿರಲಿಲ್ಲವೆಂದೇ ನನ್ನ ನಂಬಿಕೆ.

ಕೊರತೆಗಳೂ ಇವೆ. ನವೆಂಬರ್ 2ರ ಮೃತರ ಸ್ಮರಣೆಯ ದಿನಕ್ಕೆ ಕೊಡುವುದಾಗಿ ಹೇಳಿದ್ದ ಕಲ್ಲು ಮೂರು ವಾರ ತಡವಾಗಿ ಬಂದದ್ದು ನಮಗೆಲ್ಲ ನೋವು ತಂದಿತು. ಮರಳುಗಡಿಯಾರದ ಗಾಜಿನ ಅಕ್ಕಪಕ್ಕದ ಕಂಬಗಳನ್ನು ತೆಳುವಾಗಿ ಕೆತ್ತಿದ್ದರಿಂದ ಮೊದಲ ಮಳೆಗಾಲದಲ್ಲೇ ಪಾಚಿ ತುಂಬಿ, ಅದು ಡಮರುವಿನಂತೆ ಕಾಣತೊಡಗಿತು. ತಿಳಿಸಿದಾಗ ಹಿರಿಯರು ತಾವೇ ಉಳಿ ಸುತ್ತಿಗೆಯೊಂದಿಗೆ ಬಂದು, ಹಣ ಪಡೆಯದೆ, ಅರ್ಧ ದಿನ ಕುಳಿತು ಸರಿಪಡಿಸಿದರು. ಅಕ್ಷರಗಳ ಕೆತ್ತನೆ ಮಾತ್ರ ಸಾಧಾರಣವಾಗಿದ್ದು, ಹೆಸರು ಮತ್ತು ತಾರೀಖನ್ನು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆಸಿಕೊಂಡು ಹೋಗುವುದು ಒಳ್ಳೆಯದು. ಕಸುಬಿನ ಗುರುತು ಬೇಕೆನ್ನುವವರು ಉಪಕರಣದ ಫೋಟೋ ತೋರಿಸುವ ಬದಲು ಉಪಕರಣವನ್ನೇ ಒಯ್ಯಬೇಕು. ನಮ್ಮ ತಂದೆಯ ಬಾಚಿ ಎರಡು ತಿಂಗಳು ಅವರ ಶಾಲೆಯಲ್ಲಿದ್ದು, ಎಣ್ಣೆ ಸವರಿಸಿಕೊಂಡು ಮರಳಿ ಬಂತು.