ಬಿಮಿನಿಗೆ ಹಾಯಿದೋಣಿಯಲ್ಲಿ: ಮಯಾಮಿಯಿಂದ ಹೊರಡೋದಾ, ಇನ್ನೂ ಕೆಳಗಿಂದ ಹೊರಡೋದಾ?

ಫ್ಲೋರಿಡಾದಿಂದ ಬಹಾಮಾಸ್‌ಗೆ ಹಾಯಿದೋಣಿಯಲ್ಲಿ ಹೋಗುವವರು ಸಾಮಾನ್ಯವಾಗಿ ಮಯಾಮಿಯಿಂದಲೇ ಹೊರಡುತ್ತಾರೆ. ನಕ್ಷೆಯಲ್ಲಿ ಅದೇ ಹತ್ತಿರ. ಮಯಾಮಿ ಪಕ್ಕದ ಕೇಪ್ ಫ್ಲೋರಿಡಾದಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಸುಮಾರು 46 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ ಅಂದರೆ ಸುಮಾರು 1.85 ಕಿ.ಮೀ.; ಮುಂದೆ ಮೈಲಿ ಅಂದಾಗಲೆಲ್ಲ ಇದೇ). ನಾನು ಗೆಳೆಯರ ಜೊತೆ ಈ ದಾರಿಯಲ್ಲೂ ಹೋಗಿದ್ದೇನೆ, ಬೇರೆ ಎರಡು ಕಡೆಯಿಂದಲೂ ಹೋಗಿದ್ದೇನೆ. ನಮ್ಮದು ಗಂಟೆಗೆ 5 ಮೈಲಿ, ಅಂದರೆ 5 ನಾಟ್ ಹೋಗುವ ನಿಧಾನದ ದೋಣಿ. ನಿಮ್ಮದೂ ಇಂಥದ್ದೇ ಆದರೆ ಮೈಲಿ ಲೆಕ್ಕ ಪಕ್ಕಕ್ಕಿಟ್ಟು ನೀರಿನ ಲೆಕ್ಕ ಹಾಕಿ.

ನಡುವೆ ಹರಿಯೋದು ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರ ಪ್ರವಾಹ. ದಕ್ಷಿಣದಿಂದ ಉತ್ತರಕ್ಕೆ, ಹಗಲೂ ರಾತ್ರಿ ಒಂದೇ ಸಮ. ಅಡ್ಡ ದಾಟುವಾಗ ಸರಾಸರಿ ಎರಡೂವರೆ ನಾಟ್ ಅಂತ ಇಟ್ಟುಕೊಳ್ಳಬಹುದು, ಜೋರಿರುವ ಕಡೆ ನಾಲ್ಕರ ಹತ್ತಿರ ಹೋಗುತ್ತದೆ. 1513ರಲ್ಲಿ ಸ್ಪೇನಿನ ಪೋನ್ಸೆ ದೆ ಲಿಯೋನ್ ಈ ಕರಾವಳಿಯಲ್ಲಿ ದಕ್ಷಿಣಕ್ಕೆ ಹೊರಟಿದ್ದ. ಹಾಯಿ ತುಂಬಾ ಗಾಳಿ ಇದ್ದರೂ ಅವನ ಹಡಗುಗಳು ಹಿಂದಕ್ಕೇ ಸರಿದವು. ಅಂಥ ಸೆಳೆತ.

ಮಯಾಮಿಯಿಂದ ಹೊರಟರೆ ಹತ್ತು ಗಂಟೆಯಲ್ಲಿ ಈ ನೀರು ದೋಣಿಯನ್ನು 25 ಮೈಲಿ ಉತ್ತರಕ್ಕೆ ತಳ್ಳುತ್ತದೆ. ಬಿಮಿನಿ ಇರೋದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ. ಆದರೂ ದೋಣಿಯ ಮೂತಿಯನ್ನು ಸುಮಾರು 117 ಡಿಗ್ರಿಗೆ (ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90), ಆಗ್ನೇಯದ ಕಡೆಗೆ ಹಿಡಿದೇ ಇರಬೇಕು. ಇಲ್ಲೇ ತೊಂದರೆ. ಇಲ್ಲಿ ಗಾಳಿ ಬಹುಪಾಲು ಬೀಸೋದೂ ಪೂರ್ವ, ಆಗ್ನೇಯದಿಂದಲೇ. ಗಾಳಿಗೆ ಎದುರಾಗಿ ಹಾಯಿ ನಡೆಯಲ್ಲ, ಸುಮ್ನೆ ಪಟಪಟ ಬಡಿದುಕೊಳ್ಳುತ್ತದೆ. ನಾವು ಆ ದಾರಿಯಲ್ಲಿ ಬಹುಪಾಲು ಡೀಸೆಲ್ ಎಂಜಿನ್ ಮೇಲೇ ಹೋದೆವು. ಹತ್ತೂಕಾಲು ಗಂಟೆಯ ಆಸುಪಾಸು ಹಿಡಿಯಿತು. ಮಯಾಮಿಯ ಅನುಕೂಲ ಅಂದರೆ ನೋ ನೇಮ್ ಹಾರ್ಬರ್. ನಾಲ್ಕೂ ಕಡೆ ಮರೆ ಇರುವ ಪುಟ್ಟ ಜಾಗ, ನಾವು ಹೋದಾಗ ಅಲ್ಲಿ ಲಂಗರು ಹಾಕಿ ಒಳ್ಳೆ ಗಾಳಿಗೆ ಕಾಯಬಹುದಿತ್ತು.

ಎರಡನೇ ದಾರಿ ಮಯಾಮಿಗಿಂತ ದಕ್ಷಿಣಕ್ಕಿರುವ ಕೀ ಲಾರ್ಗೋ ದ್ವೀಪದ ಉತ್ತರ ತುದಿಯ ಏಂಜಲ್‌ಫಿಶ್ ಕ್ರೀಕ್ ಎಂಬ ಕಿರಿದಾದ ಕಾಲುವೆ. ಅಲ್ಲಿಂದ ಬಿಮಿನಿಗೆ ಸುಮಾರು 56 ಮೈಲಿ, ಹತ್ತು ಮೈಲಿ ಜಾಸ್ತಿ. ಸಮಯ ಮಾತ್ರ ಅಷ್ಟೇ, ಹತ್ತು ಗಂಟೆ ಚಿಲ್ಲರೆ! ಬಿಮಿನಿ ಇಲ್ಲಿಂದ ಈಶಾನ್ಯಕ್ಕೆ ಬೀಳುತ್ತೆ ಅಲ್ವಾ, ಹಾಗಾಗಿ ಉತ್ತರಕ್ಕೆ ಹೋಗಬೇಕಾದಷ್ಟನ್ನೂ ಗಲ್ಫ್ ಸ್ಟ್ರೀಮೇ ಹೊತ್ತುಕೊಂಡು ಹೋಗುತ್ತದೆ. ಮೂತಿ 95 ಡಿಗ್ರಿಯ ಹತ್ತಿರ ಇಟ್ಟರೆ ಸಾಕು. ಆಗ್ನೇಯದ ಗಾಳಿ ಚೂರು ದಕ್ಷಿಣಕ್ಕೆ ವಾಲಿದರೂ ಹಾಯಿ ತುಂಬುತ್ತದೆ, ಎಂಜಿನ್ ಆರಿಸಬಹುದು. ನನಗೆ ಈ ದಾರಿಯೇ ಇಷ್ಟ.

ರಾತ್ರಿ ಎರಡರ ಸುಮಾರಿಗೆ ಹೊರಟರೆ ಬೆಳಗಾಗುವ ಹೊತ್ತಿಗೆ ಸೆಳೆತದ ನಡುವೆ ಇರುತ್ತೀರಿ. ಹಸಿರು ನೀರು ಹೋಗಿ ಶಾಯಿಯಂಥ ಗಾಢ ನೀಲಿ ಬಂದಿರುತ್ತದೆ. ಹಳದಿ ಸರ್ಗಾಸಮ್ ಪಾಚಿ ಉದ್ದುದ್ದ ಗೆರೆಯಾಗಿ ತೇಲುತ್ತದೆ. ಬಲಗಡೆ ಒಂದು ಕಣ್ಣು ಇರಲಿ. ಉತ್ತರಕ್ಕೆ ಹೋಗುವ ಸರಕು ಹಡಗುಗಳು ಇದೇ ನೀರಿನ ಬಲ ಹಿಡಿದು ಬೇಗ ಬೇಗ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಿಮಿನಿ. ಉತ್ತರ, ದಕ್ಷಿಣ ಬಿಮಿನಿಗಳ ನಡುವಿನ ಬಾಯಲ್ಲಿ ಮರಳು ದಿಬ್ಬ ಜಾಗ ಬದಲಿಸುತ್ತಿರುತ್ತದೆ. ಸೂರ್ಯ ಮೇಲೆ ಬಂದಿದ್ದರೆ ನೀರಿನ ಬಣ್ಣ ನೋಡಿಯೇ ಆಳ ಗೊತ್ತಾಗುತ್ತದೆ. ಬೆಳಿಗ್ಗೆ ಬೇಗ ತಲುಪಿದರೆ ಬಿಸಿಲು ಕಣ್ಣಿಗೇ ಹೊಡೆದು ಏನೂ ಕಾಣಲ್ಲ.

ಈ ದಾರಿಗೂ ಒಂದು ಕೊರತೆ ಇದೆ. ಕ್ರೀಕ್‌ನ ಸಮುದ್ರದ ಬಾಯಲ್ಲಿ ಇಳಿತದ ಹೊತ್ತಿಗೆ ಆಳ ಐದು ಅಡಿ ಆಸುಪಾಸು ಅಷ್ಟೇ. ನಿಮ್ಮ ಕೀಲ್ (ದೋಣಿಯ ತಳದಿಂದ ನೀರಿನೊಳಗೆ ಇಳಿದಿರುವ ಭಾಗ) ಅದಕ್ಕಿಂತ ಆಳ ಇದ್ದರೆ ಭರತಕ್ಕೆ ಕಾಯಬೇಕು.

ಮೂರನೆಯದು ಮಯಾಮಿಗಿಂತ ಉತ್ತರಕ್ಕೆ, ಪಾಮ್ ಬೀಚ್ ಪಕ್ಕದ ಲೇಕ್ ವರ್ತ್ ಇನ್‌ಲೆಟ್ ಎಂಬ ಸಮುದ್ರದ ಬಾಯಿಂದ ಗ್ರ್ಯಾಂಡ್ ಬಹಾಮಾದ ವೆಸ್ಟ್ ಎಂಡ್‌ಗೆ, ಸುಮಾರು 55 ಮೈಲಿ. ವೆಸ್ಟ್ ಎಂಡ್ ಇರೋದು ಇನ್‌ಲೆಟ್‌ಗಿಂತ ನಾಲ್ಕು ಮೈಲಿ ದಕ್ಷಿಣಕ್ಕೆ. ಅಂದರೆ ಇಡೀ ದಾರಿ ಸೆಳೆತದ ವಿರುದ್ಧವೇ. ಮೂತಿ 124 ಡಿಗ್ರಿ, ಹದಿಮೂರು ಗಂಟೆಗೂ ಮೇಲೆ. ನಿಧಾನದ ದೋಣಿಗೆ ಇದು ಸುಸ್ತು. ಆದರೆ ಅಬಾಕೋ ದ್ವೀಪಗಳಿಗೇ ಹೋಗೋದಾದರೆ ಇದನ್ನೇ ಹಿಡಿಯಿರಿ. ವೆಸ್ಟ್ ಎಂಡ್ ದಾಟಿದರೆ ಲಿಟಲ್ ಬಹಾಮಾ ಬ್ಯಾಂಕ್ ಎಂಬ ಸಮುದ್ರದೊಳಗಿನ ದಿಬ್ಬದ ಮೇಲಿನ ಆಳವಿಲ್ಲದ ನೀರು, ಅಲ್ಲಿಂದ ಮುಂದೆ ಸೀದಾ ಅಬಾಕೋ.

ಯಾವ ದಾರಿಯಾದರೂ ಉತ್ತರದ ಗಾಳಿ ಇದ್ದಾಗ ಹೊರಡಲೇಬೇಡಿ. ವಾಯವ್ಯ, ಈಶಾನ್ಯ ಎಲ್ಲವೂ ಅದರಲ್ಲೇ ಸೇರಿತು. ಗಾಳಿ ಒಂದು ಕಡೆಯಿಂದ, ನೀರು ಇನ್ನೊಂದು ಕಡೆಯಿಂದ ಬಂದಾಗ ಅಲೆಗಳು ಹತ್ತಿರ ಹತ್ತಿರ, ಗೋಡೆ ಹಾಗೆ ಕಡಿದಾಗಿ ಎದ್ದು ನಿಲ್ಲುತ್ತವೆ. ಚಳಿಗಾಲದಲ್ಲಿ ತಣ್ಣನೆ ಗಾಳಿಯ ಸಾಲು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತದೆ. ಒಂದು ದಾಟಿ ಹೋಗಿ, ಗಾಳಿ ಪೂರ್ವಕ್ಕೆ ಬಂದು ಆಗ್ನೇಯಕ್ಕೆ ತಿರುಗಿ ಮೆತ್ತಗಾಗುತ್ತದಲ್ಲ, ಮುಂದಿನದು ಬರುವ ಮೊದಲು ಸಿಗುವ ಆ ಒಂದೆರಡು ದಿನವೇ ನಿಮ್ಮದು. ಕೆಲವೊಮ್ಮೆ ಅದಕ್ಕೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಹಾಗಾಗಿ ವಾಪಸ್ ವಿಮಾನದ ಟಿಕೆಟ್ ಮೊದಲೇ ಬುಕ್ ಮಾಡಿಕೊಂಡು ಬರುವ ನೆಂಟರನ್ನು ಈ ದಾಟುವಿಕೆಗೆ ಕರೆಯಬೇಡಿ. ಅವರು ಬಿಮಿನಿಗೆ ವಿಮಾನದಲ್ಲೇ ಬಂದು ನಿಮ್ಮನ್ನು ಸೇರಿಕೊಳ್ಳಲಿ.