ಮಾರಿಸ್ ಮೈನರ್‌ಗೆ ಸಾದಾ ಬ್ಯಾಟರಿ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ 1960ರ ಮಾರಿಸ್ ಮೈನರ್‌ನಲ್ಲಿ ಈಗಿರುವುದು 12 ವೋಲ್ಟಿನ, 45 ಆಂಪಿಯರ್-ಅವರ್ ಸಾದಾ ಬ್ಯಾಟರಿ. ಮೇಲೆ ಆರು ಮುಚ್ಚಳ, ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವಂಥದ್ದು. ಹಾಕಿಸಿ ನಾಲ್ಕು ವರ್ಷ ಎರಡು ತಿಂಗಳಾಯಿತು. ಕಾರು ತಿಂಗಳಿಗೆ ಎರಡು ಸಲ ಹೊರಗೆ ಬರುತ್ತದೆ, ಬಂದಾಗ ನಲವತ್ತು ಐವತ್ತು ಕಿಲೋಮೀಟರ್ ಓಡುತ್ತದೆ. ಇಷ್ಟು ದಿನದಲ್ಲಿ ಒಂದು ಸಲವೂ ಹ್ಯಾಂಡಲ್ ಹಾಕಿ ತಿರುಗಿಸುವ ಪ್ರಸಂಗ ಬಂದಿಲ್ಲ. ಇದಕ್ಕೂ ಮುಂಚೆ ಎರಡು ಪಟ್ಟು ಬೆಲೆ ಕೊಟ್ಟು ತಂದಿದ್ದ ಸೀಲ್ಡ್ ಎಜಿಎಂ ಬ್ಯಾಟರಿ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವಂಥದ್ದು) ಒಂದೂವರೆ ವರ್ಷಕ್ಕೇ ಕೈಕೊಟ್ಟಿತ್ತು. ಹೀಗೇಕಾಯಿತು ಎಂದು ತಿಳಿದರೆ ಹಳೆಯ ಕಾರು ಇಟ್ಟುಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಎಜಿಎಂ ಕೆಟ್ಟ ಬ್ಯಾಟರಿಯೇನಲ್ಲ, ನಮ್ಮ ಕಾರಿಗೆ ಒಗ್ಗಲಿಲ್ಲ, ಅಷ್ಟೆ. ಬ್ಯಾಟರಿ ಚಾರ್ಜ್ ಮಾಡಲು ಇದರಲ್ಲಿ ಈಗಿನ ಕಾರುಗಳ ಆಲ್ಟರ್ನೇಟರ್ ಇಲ್ಲ, ಹಳೆಯ ಕಾಲದ ಡೈನಮೋ ಇದೆ. ಅದು ಕೊಡುವುದು ಹೆಚ್ಚೆಂದರೆ 20 ಆಂಪಿಯರ್ ಆಸುಪಾಸು, ಅದೂ ಎಂಜಿನ್ ವೇಗ ಹಿಡಿದಾಗ. ಸಿಗ್ನಲ್‌ನಲ್ಲಿ ನಿಂತು ಐಡ್ಲಿಂಗ್‌ಗೆ ಇಳಿದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕತೊಡಗುತ್ತದೆ. ಆ ಹೊತ್ತಿಗೆ ಚಾರ್ಜ್ ಆಗುವುದಿಲ್ಲ. ಹೆಡ್‌ಲೈಟ್ ಹಾಕಿದ್ದರೆ ಬ್ಯಾಟರಿಯಿಂದಲೇ ಖರ್ಚು. ಡೈನಮೋವನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ, ವೋಲ್ಟೇಜನ್ನೂ ಹತೋಟಿಯಲ್ಲಿಡುವ ಕಟ್‌ಔಟ್ ಪೆಟ್ಟಿಗೆಯೊಳಗೆ ಇರುವುದು ತಂತಿ ಸುರುಳಿ, ಸ್ಪ್ರಿಂಗು, ಪಾಯಿಂಟುಗಳು (ಕೂಡಿ ಬಿಡುವ ಲೋಹದ ತುದಿಗಳು). ಅದರ ವೋಲ್ಟೇಜು ಬಿಸಿಗೂ ಲೋಡಿಗೂ ತಕ್ಕಂತೆ ಏರಿಳಿಯುತ್ತದೆ. ಬ್ಯಾಟರಿ ತುಂಬಿದ ಮೇಲೆ ಮೀಟರ್ ಹಿಡಿದು ನೋಡಿದರೆ ನಮ್ಮದರಲ್ಲಿ 15 ದಾಟುತ್ತಿತ್ತು. ಎಜಿಎಂ ಬಯಸುವುದು ಸ್ಥಿರವಾದ 14.4ರಿಂದ 14.8. ಅದಕ್ಕಿಂತ ಹೆಚ್ಚಾದರೆ ಒಳಗಿನ ನೀರಿನಂಶ ಗ್ಯಾಸಾಗಿ ವಾಲ್ವಿನಿಂದ ಹೊರಟುಹೋಗುತ್ತದೆ, ಮತ್ತೆ ತುಂಬಲು ದಾರಿಯಿಲ್ಲ. ಸಾದಾ ಬ್ಯಾಟರಿಯಲ್ಲೂ ನೀರು ಆರುತ್ತದೆ, ಆದರೆ ಮುಚ್ಚಳ ತೆಗೆದು ಪ್ಲೇಟು ಮುಳುಗುವಷ್ಟು ಹಾಕಿದರೆ ಮುಗಿಯಿತು. ನಮಗೆ ಮೂರು ತಿಂಗಳಿಗೊಮ್ಮೆ, ಆರೂ ಸೆಲ್‌ಗೆ ಸೇರಿ ಅರ್ಧ ಲೋಟ ಸಾಕಾಗುತ್ತದೆ.

ಇನ್ನು ಅರ್ಥಿಂಗ್ ವಿಷಯ. ಇದನ್ನು ಮಾತ್ರ ದಯವಿಟ್ಟು ನಿಧಾನವಾಗಿ ಓದಿ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಂತೆ ನಮ್ಮದೂ ಪಾಸಿಟಿವ್ ಅರ್ಥ್. ಅಂದರೆ ಕಾರಿನ ಲೋಹದ ಮೈಗೆ (ಬಾಡಿ) ಸೇರುವುದು ಪಾಸಿಟಿವ್ ಟರ್ಮಿನಲ್. ಎಜಿಎಂ ಹಾಕಿದ ದಿನ ವರ್ಕ್‌ಶಾಪಿನ ಹುಡುಗ ಅಭ್ಯಾಸಬಲದಿಂದ ನೆಗೆಟಿವನ್ನು ಕಾರಿನ ಮೈಗೆ ಜೋಡಿಸಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ, ಗಮನಿಸಲಿಲ್ಲ. ಸೆಲ್ಫ್ ಹೊಡೆದ, ಎಂಜಿನ್ ಸ್ಟಾರ್ಟ್ ಆಯಿತು, ದೀಪಗಳೂ ಉರಿದವು. ಬಲ್ಬಿಗೂ ಸೆಲ್ಫ್ ಮೋಟಾರಿಗೂ ಯಾವ ಕಡೆಯಿಂದ ಕರೆಂಟ್ ಬಂದರೂ ಒಂದೇ, ಹಾಗಾಗಿ ತಪ್ಪು ಗೊತ್ತೇ ಆಗುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದೇ ತಡ ಕಟ್‌ಔಟ್ ಪೆಟ್ಟಿಗೆಯಿಂದ ಟಪ್ ಎಂದು ಸದ್ದು, ಹಿಂದೆಯೇ ಸುಟ್ಟ ವಾಸನೆ. ಡೈನಮೋ ತನ್ನ ಹಳೆಯ ದಿಕ್ಕಿನಲ್ಲೇ ಕರೆಂಟ್ ಹುಟ್ಟಿಸುತ್ತಿರುತ್ತದೆ, ಬ್ಯಾಟರಿ ಉಲ್ಟಾ ಕೂತಿರುತ್ತದೆ. ಕಟ್‌ಔಟ್ ಕೂಡಿಕೊಂಡ ಕ್ಷಣ ಎರಡರ ವೋಲ್ಟೇಜೂ ಒಂದಕ್ಕೊಂದು ಸೇರಿ ಪಾಯಿಂಟಿನ ಮೇಲೆ ಬೀಳುತ್ತದೆ. ಪೆಟ್ಟಿಗೆ ತೆಗೆದಾಗ ಪಾಯಿಂಟುಗಳು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು.

ಕಟ್‌ಔಟ್ ಬದಲಾಯಿಸಿ, ಬ್ಯಾಟರಿ ಸರಿಯಾಗಿ ಕೂರಿಸಿದ ಮೇಲೆ, ಉಲ್ಟಾ ಕರೆಂಟ್ ಹರಿದಿದ್ದರಿಂದ ಡೈನಮೋದ ದಿಕ್ಕನ್ನೂ ಸರಿಪಡಿಸಬೇಕಾಯಿತು. ಡೈನಮೋದ ಎರಡೂ ವೈರು ಕಳಚಿ, ಬ್ಯಾಟರಿಯ ಅರ್ಥ್ ಅಲ್ಲದ ಟರ್ಮಿನಲ್ಲಿನಿಂದ ಒಂದು ವೈರು ತಂದು ಡೈನಮೋದ ಫೀಲ್ಡಿನ (ಅಯಸ್ಕಾಂತದ ಸುರುಳಿಯ) ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ಹೀಗೆ ಮುಟ್ಟಿಸಿ ಹಾಗೆ ತೆಗೆಯಬೇಕು. ಸಣ್ಣ ಕಿಡಿ ಹಾರುತ್ತದೆ, ಅಷ್ಟೇ ಕೆಲಸ. ಈಗ ಬಾನೆಟ್ ಒಳಗೆ ಎದ್ದು ಕಾಣುವಂತೆ ‘ಪಾಸಿಟಿವ್ ಅರ್ಥ್’ ಎಂದು ಕೆಂಪು ಪೇಂಟಿನಲ್ಲಿ ಬರೆದಿದ್ದೇನೆ. ಬ್ಯಾಟರಿ ಬಿಚ್ಚುವಾಗ ಅರ್ಥ್ ಕೇಬಲ್ ಮೊದಲು, ಹಾಕುವಾಗ ಅದೇ ಕೊನೆಗೆ ಎಂಬ ನಿಯಮ ಇಲ್ಲೂ ಉಂಟು, ಆದರೆ ಇಲ್ಲಿ ಅದು ಪಾಸಿಟಿವ್.

ಬ್ಯಾಟರಿ ಆರಿಸುವಾಗ ಆಂಪಿಯರ್ ಒಂದನ್ನೇ ಕೇಳಬೇಡಿ. ಟರ್ಮಿನಲ್ ಯಾವ ಬದಿಗಿದೆ ನೋಡಿ. ಅದೇ ಅಳತೆಯ ಬ್ಯಾಟರಿ ಎಡ, ಬಲ ಎರಡು ನಮೂನೆಯಲ್ಲಿ ಬರುತ್ತದೆ. ಕೆಲವು ಕೋಡುಗಳ ಕೊನೆಯಲ್ಲಿ ಎಲ್ ಅಥವಾ ಆರ್ ಎಂದು ಇರುತ್ತದೆ. ಅದು ತಪ್ಪಿದರೆ ಹಳೆಯ ಕೇಬಲ್ ಮುಟ್ಟುವುದಿಲ್ಲ, ಎಳೆದು ಕೂರಿಸಿದರೆ ನಾಳೆ ಎಲ್ಲೋ ಉಜ್ಜಿ ತೂತಾಗುತ್ತದೆ. ಟರ್ಮಿನಲ್ಲಿನ ದಪ್ಪವೂ ಒಂದೇ ಅಲ್ಲ, ಪಾಸಿಟಿವ್ ಕಂಬ ನೆಗೆಟಿವಿಗಿಂತ ಒಂದು ಸುತ್ತು ದೊಡ್ಡದು. ಪಾಸಿಟಿವ್ ಅರ್ಥ್ ಕಾರಿಗೆ ಈಗಿನ ಕೇಬಲ್ ಸೆಟ್ ತಂದರೆ ಕ್ಲಾಂಪುಗಳು ಅದಲು ಬದಲಾಗಿ ಒಂದು ಸಡಿಲ, ಇನ್ನೊಂದು ಬಿಗಿ ಆಗುತ್ತದೆ. ನಮ್ಮ ಕಾರಿಗೆ ಮೊದಲಿದ್ದದ್ದು ಟೋಪಿಯಂತೆ ಕಂಬದ ಮೇಲೆ ಕೂತು ನಡುವೆ ಸ್ಕ್ರೂ ಹಾಕುವ ಸೀಸದ ಟರ್ಮಿನಲ್. ಹೊಸ ಬ್ಯಾಟರಿಯ ಕಂಬಕ್ಕೆ ಅದಕ್ಕೆಂದು ಡ್ರಿಲ್ ಹಾಕಲು ಮನಸ್ಸಾಗಲಿಲ್ಲ. ಮಾಮೂಲಿ ಕ್ಲಾಂಪ್ ಹಾಕಿಸಿ ಹಳೆಯದನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ.

ಎತ್ತರವನ್ನಂತೂ ಮರೆಯಲೇಬಾರದು. ಟರ್ಮಿನಲ್ ಮೇಲೆ ಜೇಡಿಮಣ್ಣಿನ ಉಂಡೆ ಇಟ್ಟು ಬಾನೆಟ್ ಮೆಲ್ಲಗೆ ಮುಚ್ಚಿ ತೆಗೆದೆ. ಎಜಿಎಂ ಇದ್ದಾಗ ಉಂಡೆ ಬೆರಳಿನ ದಪ್ಪಕ್ಕೂ ಕಡಿಮೆಯಾಗಿ ಅಪ್ಪಚ್ಚಿಯಾಗಿತ್ತು. ಗುಂಡಿಗೆ ಬಿದ್ದು ಒಂದು ಸಲ ಕಾರು ಎಗರಿದರೆ ನೆಗೆಟಿವ್ ಕಂಬ ಬಾನೆಟ್ಟಿಗೆ ತಗುಲಿ ಬೆಂಕಿಯೇ ಹತ್ತಬಹುದಿತ್ತು. ಈಗಿನದರಲ್ಲಿ ಮೂರು ಬೆರಳಿನಷ್ಟು ಸಂದು ಉಳಿದಿದೆ, ಮೇಲಿನ ಪಟ್ಟಿ ಮತ್ತು ಕೊಕ್ಕೆ ಬೋಲ್ಟುಗಳೂ ಸರಿಯಾಗಿ ಹಿಡಿಯುತ್ತವೆ.

ಎರಡನೇ ವರ್ಷದಲ್ಲಿ ಸೆಲ್ಫ್ ಸೋಮಾರಿಯಾಯಿತು. ಬ್ಯಾಟರಿ ಹೋಯಿತೆಂದೇ ಎಲ್ಲರೂ ಹೇಳಿದರು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟರೆ ಆರೂ ಸೆಲ್ 1.26ರ ಮೇಲೆ, ಅಂದರೆ ಚಾರ್ಜ್ ಚೆನ್ನಾಗಿಯೇ ಇತ್ತು. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ಥ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಇಟ್ಟು ಸೆಲ್ಫ್ ಹೊಡೆಸಿದೆ. 1.1 ವೋಲ್ಟ್ ತೋರಿಸಿತು, ಅಂದರೆ ಅಷ್ಟು ವೋಲ್ಟು ಅರ್ಥ್ ದಾರಿಯಲ್ಲೇ ಪೋಲಾಗುತ್ತಿತ್ತು. ಅರ್ಧ ವೋಲ್ಟ್ ದಾಟಿದರೇ ದೋಷ ಎನ್ನುವಾಗ ಇದು ಎರಡರಷ್ಟು. ಗೇರ್‌ಬಾಕ್ಸಿನಿಂದ ಕಾರಿನ ಮೈಗೆ ಬರುವ ಹೆಣೆದ ತಾಮ್ರದ ಪಟ್ಟಿ ಹಸಿರುಗಟ್ಟಿ ಬೋಲ್ಟಿನ ಬುಡದಲ್ಲಿ ಅರ್ಧ ಎಳೆ ಕಡಿದಿತ್ತು. ಹೊಸ ಪಟ್ಟಿ ಹಾಕಿ, ಬಾಡಿಯ ಪೇಂಟನ್ನು ಬಿಳಿ ಲೋಹ ಕಾಣುವವರೆಗೆ ಎಮರಿ ಪೇಪರಿನಲ್ಲಿ ತಿಕ್ಕಿದ ಮೇಲೆ 0.2ಕ್ಕೆ ಇಳಿಯಿತು. ಹೊಸ ಬ್ಯಾಟರಿ ಕೊಂಡಿದ್ದರೆ ದುಡ್ಡು ದಂಡವಾಗುತ್ತಿತ್ತು.

6 ವೋಲ್ಟಿನ ಕಾರು ಇರುವವರು ಈ ಕೇಬಲ್ ವಿಚಾರಕ್ಕೆ ಇನ್ನೂ ಹೆಚ್ಚು ಗಮನ ಕೊಡಬೇಕು. 1960ರ ದಶಕದ ನಡುಭಾಗದವರೆಗಿನ ಎಷ್ಟೋ ಬೀಟಲ್‌ಗಳು 6 ವೋಲ್ಟಿನವು. ಅದೇ ಶಕ್ತಿಗೆ ಎರಡರಷ್ಟು ಆಂಪಿಯರ್ ಹರಿಯಬೇಕಾದ್ದರಿಂದ ಕೇಬಲ್ ದಪ್ಪವಾಗಿರಬೇಕು. ಅಲ್ಲಿ 12 ವೋಲ್ಟಿನ ಕಾರಿನ ಸಣ್ಣ ಕೇಬಲ್ ಹಾಕಿ, ಆಮೇಲೆ ಬ್ಯಾಟರಿಯನ್ನು ದೂರುವುದು ತಪ್ಪು.

ಆರೈಕೆ ಹೆಚ್ಚೇನಿಲ್ಲ. ಕಾರು ಒಳಗೆ ನಿಂತ ಕೂಡಲೇ ಬ್ಯಾಟರಿಯ ಸಂಪರ್ಕ ತಪ್ಪಿಸುವ ಕಟ್-ಆಫ್ ಸ್ವಿಚ್ ತಿರುಗಿಸುತ್ತೇನೆ. ಬ್ಯಾಟರಿ 12.4 ವೋಲ್ಟಿಗೆ ಇಳಿದರೆ ಕಾಯದೆ 4 ಆಂಪಿಯರಿನಲ್ಲಿ ಚಾರ್ಜಿಗೆ ಹಾಕುತ್ತೇನೆ, ಯಾಕೆಂದರೆ ಅರೆಹೊಟ್ಟೆಯಲ್ಲಿ ಬಿಟ್ಟ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಕಟ್ಟುತ್ತದೆ. ಚಾರ್ಜ್ ಆಗುವಾಗ ಬಾನೆಟ್ ತೆರೆದೇ ಇರುತ್ತದೆ, ಹೈಡ್ರೋಜನ್ ಹೊರಗೆ ಹೋಗಬೇಕಲ್ಲ. ಆಸಿಡ್ ಬ್ಯಾಟರಿ ಕೂರುವ ತಟ್ಟೆಗೆ ಬಿದ್ದರೆ ಸೋಡಾಪುಡಿ ಕಲಸಿದ ನೀರು ಹಾಕಿ ನೊರೆ ನಿಲ್ಲುವವರೆಗೆ ತೊಳೆಯುತ್ತೇನೆ.

ಹೊಸದರಲ್ಲಿ ಸೆಲ್ಫ್ ಹೊಡೆಯುವಾಗ 10.8 ವೋಲ್ಟ್ ನಿಲ್ಲುತ್ತಿತ್ತು, ಈಗ 10.3. ಕಳೆದ ವಾರ ನೋಡಿದಾಗ ಐದು ಸೆಲ್ 1.26, ನಾಲ್ಕನೆಯದು ಮಾತ್ರ 1.23. ಪೂರ್ತಿ ಚಾರ್ಜ್ ಮಾಡಿದ ಮೇಲೂ ಅದು ಮೇಲೇಳಲಿಲ್ಲ. ಇನ್ನೊಂದು ವರ್ಷ ತಳ್ಳಬಹುದು. ಆಮೇಲೆ ಇದೇ ನಮೂನೆಯದನ್ನೇ, ಇದೇ 45ರದ್ದನ್ನೇ ತರುತ್ತೇನೆ.